ಹಡಗಿಗೆ ಹೊರಟವಳಿಗೆ ಕಲ್ಲುಸಕ್ಕರೆ

ಗೋಪನಕೊಪ್ಪ, ಹುಬ್ಬಳ್ಳಿ
೧೮ ಡಿಸೆಂಬರ್ ೨೦೨೪

ತಂಗಿ ನೀಲಾಗೆ ಅಕ್ಕ ಶರಣವ್ವನ ಆಶೀರ್ವಾದ.

ಕಾಗದದ ಮೊದಲಿಗೆ ಎಲ್ಲರೂ ಕ್ಷೇಮ ಅಂತ ಬರೆಯಬೇಕು. ನಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮವೇ, ನನ್ನ ಜೀವ ಒಂದು ಬಿಟ್ಟು. ನೀನು ಬೀಗರ ಸಂಗಡ ಹಡಗಿನಲ್ಲಿ ಹೋಗುತ್ತೀ ಎಂದು ಆಟೋದ ಗೌಸಮೊದ್ದೀನ ಹೇಳಿದಾಗಿನಿಂದ ಅದು ನೆಟ್ಟಗಿಲ್ಲ.

ಹರಿದು ಒಗೆಯುವ ಮೊದಲು ಇಷ್ಟು ಓದು. ಎರಡು ವರ್ಷದ ಹಿಂದೆ ನಿನ್ನ ಮಗಳು ಐಶ್ವರ್ಯಾಳ ಮೊದಲಿನ ಸಂಬಂಧ ಮುರಿದಾಗ ನೀನು ನಮ್ಮ ಪಡಸಾಲೆಯಲ್ಲಿ ನಿಂತು, "ಇನ್ನ ಮ್ಯಾಲೆ ನಿನ್ನ ಬಾಯಿಂದ ಒಂದ ಮಾತೂ ನನ್ನ ಕಿವಿಗೆ ಬೀಳಬಾರ್ದು" ಅಂದಿದ್ದೆ. ನಾನು ನಡೆಸಿಕೊಂಡು ಬಂದಿದ್ದೇನೆ. ಮುಂದೆ ಬೇರೆ ಕಡೆ ಐಶ್ವರ್ಯಾಳ ಮದುವೆಯಾದಾಗ ಬಂದೆ, ಅಕ್ಷತೆ ಹಾಕಿದೆ, ಬಾಯಿ ತೆರೆದದ್ದು ಊಟಕ್ಕೆ ಮಾತ್ರ. ಇದು ಬಾಯಿಂದ ಬಂದದ್ದಲ್ಲ, ಕೈಯಿಂದ ಬಂದದ್ದು. ಕಿವಿಗೆ ಬೀಳುವುದಿಲ್ಲ, ಕಣ್ಣಿಗೆ ಬೀಳುತ್ತದೆ. ಇದು ನಡೆಯುತ್ತದೆಯೋ ಎಂದು ನಮ್ಮ ಮನೆಯವರನ್ನು ಕೇಳಿದೆ. ಪೇಪರಿನಿಂದ ತಲೆ ಎತ್ತದೆ, ನಡೆಯುತ್ತದೆ, ಬರಿ, ನನ್ನ ತಲಿ ಬಿಡು ಅಂದರು.

ಆ ಮೊದಲಿನ ಹುಡುಗನ ತಾಯಿಗೆ ನಾನು ಹೇಳಿದ್ದಾದರೂ ಏನು? ಹುಡುಗಿಗೆ ಸಣ್ಣವಳಿದ್ದಾಗ ಕಾಮಾಲೆ ಆಗಿತ್ತು, ಕರಿದದ್ದು ಕಡಿಮೆ ಕೊಡಿರಿ ಅಂತ. ಚಹಾ ಬಿಟ್ಟು ಎದ್ದು ಹೋದವರು ಅವರು. ಕಾಮಾಲೆ ಆಗಿದ್ದಂತೂ ಖರೇ. ಇರಲಿ, ಅದನ್ನು ಬರೆಯಲು ಕೂತಿಲ್ಲ.

ನಿನ್ನ ಸಕ್ಕರೆಯ ಕಾಯಿಲೆಗೆ ಏನು ಮಾಡುತ್ತೀ? ಮುಂಜಾನೆ ಒಂದು, ಸಂಜೆ ಒಂದು ಸೂಜಿ ಹಾಕಿಕೊಳ್ಳುವವಳು ನೀನು. ಮೊದಲ ಸಲ ತಲೆ ತಿರುಗಿದಾಗ ದವಾಖಾನೆಗೆ ಕರೆದುಕೊಂಡು ಹೋದವಳು ನಾನು, ಸೂಜಿ ನೋಡಿ ನೀನು ಅತ್ತಾಗ ಕೈ ಹಿಡಿದವಳು ನಾನು. ಹಡಗಿನಲ್ಲಿ ಗಂಡಸರಿಗೆ ಒಂದು ಖೋಲಿ, ನಿನಗೂ ಬೀಗಿತಿಗೂ ಒಂದು ಖೋಲಿ ಅಂತೆ. ಔಷಧ ತಣ್ಣಗೆ ಇಡಬೇಕಲ್ಲ, ಅವರ ಕಣ್ಣಿಗೆ ಬೀಳದೆ ಎಲ್ಲಿ ಇಡುತ್ತೀ? ಅಲ್ಲಿ ದಿನವಿಡೀ ಊಟ ಹರವಿ ಇಟ್ಟಿರುತ್ತಾರಂತೆ, ನೂರು ಮಂದಿ ಮುಟ್ಟಿದ ಚಮಚ. ಕಟಾಂಜನಕ್ಕೆ ಬಗ್ಗಿ ನೀರು ನೋಡಬೇಡ. ಕೊರಳಿನ ಶಿವದಾರ ಹಳೆಯದಾಗಿದ್ದರೆ ಹೊಸದು ಹಾಕಿಸು, ಸಮುದ್ರದ ಗಾಳಿ ಎಂಥದೋ ಏನೋ, ದಾರ ಹರಿದು ಲಿಂಗಪ್ಪ ನೀರಿಗೆ ಬಿದ್ದರೆ ಯಾರು ಧುಮುಕಬೇಕು?

ಕೈ ನೋಯುತ್ತದೆ. ಐದನೆಯತ್ತೆಗೆ ಸಾಲಿ ಬಿಟ್ಟವಳಿಗೆ ಇಷ್ಟು ಬರೆಯುವುದೇ ಹೆಚ್ಚು. ನಿನ್ನನ್ನು ಎತ್ತಿಕೊಂಡು ತಿರುಗಲು ಸಾಲಿ ಬಿಟ್ಟೆ ಎಂದು ನಾನು ಎಂದೂ ಅಂದಿಲ್ಲ. ಈಗಲೂ ಅನ್ನುತ್ತಿಲ್ಲ.

ನಿನ್ನ ಅಕ್ಕ,
ಶರಣವ್ವ


ಕೇಶ್ವಾಪುರ, ಹುಬ್ಬಳ್ಳಿ
೨೪ ಡಿಸೆಂಬರ್ ೨೦೨೪

ಶರಣವ್ವಕ್ಕನಿಗೆ,

ಕಾಗದ ಮುಟ್ಟಿತು. ಹರಿದಿಲ್ಲ. ಅದರ ಹಿಂದೆ ಖಾಲಿ ಜಾಗ ಬಹಳ ಇತ್ತು, ಕಿರಾಣಿ ಸಾಮಾನು ಬರೆದು ಅಂಗಡಿಗೆ ಕಳಿಸಿದೆ.

ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗಿ ಬರುವುದು, ಅಷ್ಟೇ. ಅಳಿಯಂದಿರು ತಮ್ಮ ತಂದೆ ತಾಯಿಯ ಸಂಗಡ ನಮ್ಮಿಬ್ಬರದೂ ಟಿಕೀಟು ತೆಗೆಸಿದ್ದಾರೆ. ಇವರಂತೂ ಅಮರಗೋಳದ ಯಾರ್ಡಿನಲ್ಲಿ ಮೆಣಸಿನಕಾಯಿ ಚೀಲದ ಮೇಲೆ ಕೂತು ಎಲ್ಲರಿಗೂ ಹಡಗಿನ ಫೋಟೋ ತೋರಿಸುತ್ತಿದ್ದಾರೆ. ಅದು ದೋಣಿಯಲ್ಲ, ಕೇಶ್ವಾಪುರದ ದೊಡ್ಡ ಕಟ್ಟಡಗಳನ್ನೆಲ್ಲ ಒಂದರ ಮೇಲೊಂದು ಇಟ್ಟ ಹಾಗಿದೆ. ಬಗ್ಗಿದರೂ ಬೀಳಲಾರೆ.

ನನ್ನ ಕಾಯಿಲೆ ಬೀಗರಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ಐಶ್ವರ್ಯಾ ಈಗ ಬಸುರಿ. ತಾಯಿಗೆ ಇದ್ದದ್ದು ಮಗಳಿಗೆ, ಮಗಳಿಗೆ ಇದ್ದದ್ದು ಕೂಸಿಗೆ ಎಂದು ಅವರು ಎಣಿಸಲು ಕೂತರೆ ಬಾಯಿ ಹಿಡಿಯಲು ನನ್ನಿಂದ ಆಗುವುದಿಲ್ಲ. ಒಂದು ಸಂಬಂಧ ಹೋದದ್ದು ಸಾಕು. ಮುಂದೆ ಅವರಿಗೆ ಗೊತ್ತಾದರೆ, ಯಾರಿಂದ ಗೊತ್ತಾಯಿತು ಎಂದು ನಾನು ಹುಡುಕುತ್ತ ಹೋಗಬೇಕಾಗಿಲ್ಲ.

ಶಿವದಾರ ಹೊಸದೇ ಇದೆ.

ನೀಲಗಂಗಾ


ಗೋಪನಕೊಪ್ಪ
೬ ಜನವರಿ ೨೦೨೫

ನೀಲಾ,

ನಿನ್ನ ಕಾಗದದ ಕೊನೆಯ ಮಾತು ಓದಿ ಎರಡು ದಿನ ಉಂಡದ್ದು ಮೈಗೆ ಹತ್ತಲಿಲ್ಲ. ಇರಲಿ. ಕಾಗದ ಬಂತಲ್ಲ, ಅದೇ ದೊಡ್ಡದು.

ನಮ್ಮ ಓಣಿಯ ಡಾಕ್ಟರಬಾಯಿ ಹತ್ತಿರ ಹೋಗಿದ್ದೆ. ಹಡಗಿನಲ್ಲಿ ಹೋಗುವವರು ಏನೇನು ಜ್ವಾಕಿ ಮಾಡಬೇಕು ಎಂದು ಕೇಳಿದೆ. ತಂಗಿ ಹೋಗುತ್ತಾಳೆ ಎಂದರೆ ಯಾವ ತಂಗಿ, ಆಕೆಗೆ ಏನು ಕಾಯಿಲೆ ಎಂದು ಮಾತು ಬೆಳೆಯುತ್ತದೆ, ಪಕ್ಕದ ಬೆಂಚಿನಲ್ಲಿ ನಮ್ಮ ನೆರೆಮನೆಯ ಬೀರವ್ವ ಕಿವಿ ಚಾಚಿ ಕೂತಿದ್ದಳು. ಆದ್ದರಿಂದ ಯಾರು ಹೋಗುತ್ತಾರೆ ಎಂದು ಹೇಳಲಿಲ್ಲ. ಡಾಕ್ಟರಬಾಯಿ ಬಹಳ ಖುಷಿಪಟ್ಟು, ಈ ವಯಸ್ಸಿನಲ್ಲಿ ಹೋಗಿ ಬರಬೇಕು ಎನ್ನುತ್ತ, ಮುಚ್ಚಿದ ಜಾಗದಲ್ಲಿ ಮಂದಿ ಬಹಳ, ನೆಗಡಿ ಜ್ವರ ಲಗೂ ಹಬ್ಬುತ್ತದೆ ಎನ್ನುತ್ತ, ನನ್ನ ರವಿಕೆಯ ತೋಳು ಏರಿಸಿ ಜ್ವರದ ಸೂಜಿ ಚುಚ್ಚಿಯೇ ಬಿಟ್ಟರು. ನಾನಲ್ಲ ಎಂದರೆ ಮತ್ತೆ ಯಾರು ಎಂದು ಕೇಳುತ್ತಾರೆ, ತೋಳು ಕೊಟ್ಟೆ. ಹಡಗಿಗೆ ಹೋಗುವವಳು ನೀನು, ಚುಚ್ಚಿಸಿಕೊಂಡು ಬಂದವಳು ನಾನು. ತೋಳು ಬಾತು ರೊಟ್ಟಿ ಬಡಿಯಲು ಆಗುತ್ತಿಲ್ಲ. ನಮ್ಮ ಮನೆಯವರು ಓಣಿಯಲ್ಲಿ ಸಿಕ್ಕವರಿಗೆಲ್ಲ, "ನಮ್ಮಾಕಿ ಹಡಗ ಏರಾಕತ್ತಾಳ" ಎಂದು ಹೇಳಿ ನಗುತ್ತಿದ್ದಾರೆ. ಬೀರವ್ವ ಬಂದು ತನಗೊಂದು ಶಂಖ ತಾ ಎಂದು ಹೇಳಿ ಹೋದಳು.

ನೀನೂ ಆ ಸೂಜಿ ಹಾಕಿಸಿಕೊ, ಹೊರಡುವುದಕ್ಕೆ ಒಂದೆರಡು ವಾರ ಮೊದಲೇ. ಉಳಿದದ್ದು ನೆನಪಿದ್ದಷ್ಟು ಬರೆಯುತ್ತೇನೆ. ಉಣ್ಣುವ ಮೊದಲು ಸಾಬೂನಿನಿಂದಲೇ ಕೈ ತೊಳೆಯಬೇಕಂತೆ, ಬಾಗಿಲಲ್ಲಿ ಕೈಗೆ ಸುರಿಯುವ ನೀರಿನಂಥ ಔಷಧ ವಾಂತಿಭೇದಿಯ ರೋಗಕ್ಕೆ ಸಾಲದಂತೆ. ಯಾರಾದರೂ ವಾಂತಿ ಮಾಡಿಕೊಂಡರೆ ದೂರ ಇರು, ನಿನಗೇ ಆದರೆ ಮುಚ್ಚಿಡದೆ ಹಡಗಿನ ದವಾಖಾನೆಗೆ ಹೇಳು. ಹೊಟ್ಟೆ ತೊಳಸಿದರೆ ಹಡಗಿನ ನಡುವಿನ ಕಡೆ ಹೋಗಿ, ನೀರು ಬಿಟ್ಟು ದೂರದ ಆಕಾಶದ ಅಂಚು ನೋಡುತ್ತ ಕೂಡಬೇಕು. ಮೊದಲ ದಿನ ಸೀಟಿ ಊದಿ ತೇಲುವ ಅಂಗಿ ತೊಡುವುದು ಕಲಿಸುತ್ತಾರಂತೆ, ಆಗ ಫೋಟೋ ತೆಗೆಯುತ್ತ ನಿಲ್ಲಬೇಡ. ದೊಡ್ಡ ಪೆಟ್ಟಿಗೆಗಳನ್ನು ಅವರೇ ಒಯ್ದು ಸಂಜೆಯ ಹೊತ್ತಿಗೆ ಖೋಲಿಗೆ ಮುಟ್ಟಿಸುತ್ತಾರೆ, ಆದ್ದರಿಂದ ಔಷಧವೂ ಡಾಕ್ಟರ ಚೀಟಿಯೂ ಕೈಚೀಲದಲ್ಲೇ ಇರಬೇಕು.

ಸಕ್ಕರೆ ಇದ್ದವರ ವಿಷಯ ಕೇಳುವಾಗ ನಾನು ದನಿ ತಗ್ಗಿಸಿದೆ. ಡಾಕ್ಟರಬಾಯಿ ನಿಮಗೆ ಸಕ್ಕರೆ ಯಾವಾಗಿನಿಂದ ಎಂದು ಕೇಳಿದರು. ನಮ್ಮ ಪೈಕಿಯವರಿಗೆ ಎಂದೆ. ಅವರು ಹೇಳಿದ್ದು ಇಷ್ಟು: "ಸೂಜಿ ಹಾಕ್ಕೊಂಡ ಮ್ಯಾಲೆ ಅರ್ಧ ತಾಸಿನಾಗ ಉಣ್ಣಬೇಕು. ಉಣ್ಣದ ಇದ್ರ ಸಕ್ಕರಿ ಇಳದು ಮನುಷ್ಯಾ ನಿಂತಲ್ಲೇ ಬೀಳ್ತಾನ. ಸಂಗಡ ಇದ್ದವ್ರಿಗೆ ಗೊತ್ತಿರಲಿಕ್ಕೇ ಬೇಕು."

ಆ ಕಡೆಯ ಮಾತಿಗಾಗಿ ಇಷ್ಟುದ್ದ ಬರೆದೆ. ನಾನು ಹೇಳುವುದಿಲ್ಲ. ನೀನೇ ಹೇಳು.

ಅಕ್ಕ ಶರಣವ್ವ


ಕೇಶ್ವಾಪುರ
೧೨ ಜನವರಿ ೨೦೨೫

ಶರಣವ್ವಕ್ಕ,

ನಿನ್ನ ತೋಳಿನ ಸುದ್ದಿ ಓದಿ ಇವರು ನಕ್ಕರು. ನಾನೂ ಸ್ವಲ್ಪ ನಕ್ಕೆ, ಅದನ್ನು ದೊಡ್ಡದು ಮಾಡಬೇಡ.

ಜ್ವರದ ಸೂಜಿ ಹಾಕಿಸಿಕೊಂಡೆ. ಕೈಚೀಲ, ಚೀಟಿ, ಎಲ್ಲ ಸರಿ. ಸಕ್ಕರೆಯ ಸೂಜಿಗೆ ಸಣ್ಣ ಥರ್ಮಾಸು ತಂದಿದ್ದೇನೆ, ಬೀಗಿತಿ ಕೇಳಿದರೆ ಕಣ್ಣಿನ ಔಷಧ ಎನ್ನುತ್ತೇನೆ. ಬಚ್ಚಲಿನಲ್ಲಿ ಹಾಕಿಕೊಂಡು ಬರಲು ಎಷ್ಟು ಹೊತ್ತು? ಎಲ್ಲ ವಿಚಾರ ಮಾಡಿಯೇ ಇಟ್ಟಿದ್ದೇನೆ. ಹೇಳುವ ಮಾತು ಎತ್ತಬೇಡ. ಆ ಮಾತಿದ್ದ ಇನ್ನೊಂದು ಕಾಗದ ಬಂದರೆ ಅದರ ಹಿಂದೆ ಸಾಮಾನೂ ಬರೆಯುವುದಿಲ್ಲ.

ನೀಲಗಂಗಾ


ಗೋಪನಕೊಪ್ಪ
೨೪ ಜನವರಿ ೨೦೨೫

ನೀಲಾ,

ಆ ಮಾತು ಇದರಲ್ಲಿ ಇಲ್ಲ. ಧೈರ್ಯದಿಂದ ಓದು.

ಸಂಕ್ರಮಣಕ್ಕೆ ನಿನ್ನ ಬೀಗಿತಿ ಕುಸುರೆಳ್ಳು ಕೊಡಲು ನಮ್ಮ ಮನೆಯ ತನಕ ಬಂದಿದ್ದರು. ಒಳ್ಳೆಯ ಹೆಣ್ಣುಮಗಳು. ಕೂತರು, ಚಹಾ ಕುಡಿದರು, ಹೋದರು. ಬೇರೆ ಏನೂ ಇಲ್ಲ.

ಕಾಗದದ ಸಂಗಡ ಗೌಸಮೊದ್ದೀನನ ಕೈಯಲ್ಲಿ ಒಂದು ಸಣ್ಣ ಬಟ್ಟೆಯ ಚೀಲ ಕೊಟ್ಟಿದ್ದೇನೆ. ಅದರಲ್ಲಿ ಕಲ್ಲುಸಕ್ಕರೆ. ಅಜ್ಜನ ಮಠಕ್ಕೆ ಹೋಗಿ ಗದ್ದಿಗೆಗೆ ಮುಟ್ಟಿಸಿ ತಂದದ್ದು. ನೀನು ಸೋಮವಾರದ ಒಪ್ಪತ್ತು ಬಿಟ್ಟಿದ್ದೀ ಎಂದು ನನಗೆ ಗೊತ್ತು, ಆದರೆ ನಿನ್ನ ಬೀಗಿತಿ ಕಟ್ಟುನಿಟ್ಟಿನ ಸೋಮವಾರದವರು. ಚಹಾ ಕುಡಿಯುತ್ತ ಅವರೇ ಹೇಳಿದರು. ನೀವು ಹಡಗಿನಲ್ಲಿ ಇರುವಾಗ ಒಂದು ಸೋಮವಾರ ಬರುತ್ತದೆ. ಅವರು ಹಸಿದು ಕೂತಿರುವಾಗ ನೀನು ಎದುರಿಗೆ ತಟ್ಟೆ ಹಿಡಿದುಕೊಂಡು ಕೂಡುವವಳಲ್ಲ, ನಾನು ಬಲ್ಲೆ. ಊಟಕ್ಕೆ ಬೇಡ ಎನ್ನಬಹುದು, ಮಠದ ಪ್ರಸಾದಕ್ಕೆ ಯಾವ ಉಪವಾಸದಲ್ಲೂ ಬೇಡ ಎನ್ನುವಂತಿಲ್ಲ. ಬಾಯಿಗೆ ಹಾಕಿಕೊಂಡರೆ ಯಾರೂ ಯಾಕೆ ಎಂದು ಕೇಳುವುದಿಲ್ಲ.

ಪೆಟ್ಟಿಗೆಯಲ್ಲಿ ಇಡಬೇಡ. ಸೊಂಟಕ್ಕೆ ಸಿಕ್ಕಿಸಿಕೊ. ಕೈ ನಡುಗಿದರೆ, ಬೆವರು ಬಿಟ್ಟರೆ, ವಿಚಾರ ಮಾಡುತ್ತ ಕೂಡಬೇಡ. ಒಂದು ಮುಟಿಗೆ ಬಾಯಿಗೆ ಹಾಕಿ ಅಗಿ.

ಮೈ ಹುಷಾರು. ಹೋಗಿ ಬಾ.

ಅಕ್ಕ


ಗೋಪನಕೊಪ್ಪ
೩ ಫೆಬ್ರುವರಿ ೨೦೨೫, ಸೋಮವಾರ

ನೀಲಾ,

ಈ ಕಾಗದ ಒಯ್ಯಲು ಗೌಸಮೊದ್ದೀನನ ಆಟೋ ಸಮುದ್ರಕ್ಕೆ ಹೋಗುವುದಿಲ್ಲ. ಆದರೂ ಬರೆಯುತ್ತಿದ್ದೇನೆ. ಸುಮ್ಮನೆ ಕೂಡುವುದಕ್ಕಿಂತ ಇದು ಛಲೋ.

ಮುಂಜಾನೆ ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ. ನಾಷ್ಟಾಕ್ಕೆ ಕೂತಾಗ ನೀನು ಉಂಡೆಯೋ ಇಲ್ಲವೋ ಎಂದು ರೊಟ್ಟಿ ಮುರಿದು ಹಾಗೆಯೇ ಇಟ್ಟೆ. ಟಿ.ವಿ.ಯಲ್ಲಿ ಹವೆಯ ಸುದ್ದಿ ನೋಡಿದೆ, ಸಮುದ್ರ ಶಾಂತವಾಗಿದೆ ಅಂದರು. ಸಮುದ್ರದ ಚಿಂತೆ ಯಾರಿಗೆ ಇದೆ?

ಆವತ್ತು ನಾನು ನಿನಗೆ ಪೂರ್ತಿ ಬರೆಯಲಿಲ್ಲ. ನಿನ್ನ ಬೀಗಿತಿ ಸಂಕ್ರಮಣಕ್ಕೆ ಬಂದದ್ದು ಕುಸುರೆಳ್ಳಿಗೆ ಮಾತ್ರ ಅಲ್ಲ. ಚಹಾ ಕುಡಿದು ಬಟ್ಟಲು ಕೆಳಗೆ ಇಟ್ಟು, ದನಿ ತಗ್ಗಿಸಿ ಕೇಳಿದರು. "ಹಡಗಿನವ್ರು ಎಲ್ಲಾರ ಆರೋಗ್ಯದ್ದೂ ಬರದು ಕಳಸ್ರಿ ಅಂದಾರ್ರಿ, ಮಗ ಮೊಬೈಲಿನಾಗ ತುಂಬಾಕತ್ತಾನ. ನಿಮ್ಮ ತಂಗೀಗೆ ಬಿ.ಪಿ., ಸಕ್ಕರಿ ಏನರ ಐತೇನ್ರಿ? ಅವರನ್ನ ಕೇಳಾಕ ನನಗ ಸಂಕೋಚ. ನೀವು ಇದ್ದದ್ದು ಇದ್ದಂಗ ಹೇಳೋರು ಅಂತ ಕೇಳೇನಿ."

ಇದ್ದದ್ದು ಇದ್ದಂಗ ಹೇಳುವವಳು. ನನ್ನ ಹೆಸರು ಅವರ ಮನೆಯವರೆಗೂ ಹೋಗಿದೆ.

ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು ನೀಲಾ. ಸೂಜಿಯ ಹೊತ್ತು ಸಹಿತ ಹೇಳಬೇಕೆಂದು ಬಂದಿತ್ತು. ಪಡಸಾಲೆಯಲ್ಲಿ ನೀನು ಅಂದು ನಿಂತಿದ್ದ ಜಾಗದಲ್ಲೇ ಅವರ ಚಪ್ಪಲಿ ಕಾಣುತ್ತಿತ್ತು. "ಗಟ್ಟಿ ಅದಾಳ್ರಿ" ಅಂದೆ. ಅಷ್ಟೇ ಅಂದೆ. ಅವರು ಖುಷಿಯಿಂದ ಎದ್ದು ಹೋದರು. ನಾನು ಆ ಬಟ್ಟಲು ತೊಳೆಯುತ್ತ ಎಷ್ಟು ಹೊತ್ತು ನಿಂತಿದ್ದೆ ಎಂದರೆ ನಮ್ಮ ಮನೆಯವರು ಬಂದು ನಲ್ಲಿ ಬಂದ್ ಮಾಡಿದರು.

ನಿನಗೆ ಇದನ್ನು ಬರೆದಿದ್ದರೆ ಉಪಕಾರ ತೋರಿಸುತ್ತಿದ್ದಾಳೆ ಎನ್ನುತ್ತಿದ್ದೆ. ಅದಕ್ಕೇ ಬರೆಯಲಿಲ್ಲ. ಆದರೆ ಈಗ ಅನಿಸುತ್ತಿದೆ, ಅದು ಉಪಕಾರವೇ ಅಲ್ಲ. ಹೇಳಿ ಒಂದು ಸಂಬಂಧ ಹೋಯಿತು. ಹೇಳದೆ ಏನು ಹೋಗುತ್ತದೆಯೋ ಎಂದು ಕೂತಿದ್ದೇನೆ.

ಫೋನ್ ಮೇಜಿನ ಮೇಲೆ ಇದೆ. ನಿನ್ನ ಗಂಡನಿಗೆ ಎರಡು ಸಲ ಹಚ್ಚಿ ನೋಡಿದೆ. ಸಿಗುವುದಿಲ್ಲ ಎಂದು ಒಬ್ಬ ಹುಡುಗಿ ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಕಲ್ಲುಸಕ್ಕರೆ ಸೊಂಟದಲ್ಲಿ ಇದೆಯೋ, ಪೆಟ್ಟಿಗೆಯಲ್ಲಿ ಇದೆಯೋ, ನಗುತ್ತ ಮನೆಯಲ್ಲೇ ಬಿಟ್ಟು ಹೋದೆಯೋ?

ಶರಣವ್ವ


ಕೇಶ್ವಾಪುರ
೮ ಫೆಬ್ರುವರಿ ೨೦೨೫

ಅಕ್ಕಾ,

ಬುಧವಾರ ಮುಂಬೈಗೆ ಇಳಿದು, ಗುರುವಾರ ಮನೆಗೆ ಮುಟ್ಟಿದೆವು. ಗಟ್ಟಿ ಇದ್ದೇನೆ. ಮೊದಲು ಇದನ್ನು ಓದಿಕೊ, ಆಮೇಲೆ ಉಳಿದದ್ದು.

ಚೀಲ ಸೊಂಟದಲ್ಲೇ ಇತ್ತು. ನಗುತ್ತ ಸಿಕ್ಕಿಸಿಕೊಂಡಿದ್ದೆ, ಖರೇ.

ಮೊದಲ ಮೂರು ದಿನ ಏನೂ ಆಗಲಿಲ್ಲ. ಬಚ್ಚಲಿಗೆ ಹೋಗುತ್ತಿದ್ದೆ, ಸೂಜಿ ಹಾಕಿಕೊಂಡು ಬರುತ್ತಿದ್ದೆ, ಉಣ್ಣುತ್ತಿದ್ದೆ. ತೇಲುವ ಅಂಗಿ ತೊಡಿಸಿದಾಗ ಇವರಿಗೆ ಗುಂಡಿ ಹತ್ತಲಿಲ್ಲ, ಮೆಣಸಿನಕಾಯಿ ಚೀಲಕ್ಕೆ ಹೊಲಿಗೆ ಹಾಕಿದ ಹಾಗೆ ಬೀಗರು ಹಗ್ಗ ಬಿಗಿದರು. ಬೀಗಿತಿಗೆ ಹೊಟ್ಟೆ ತೊಳಸಿತು, ನೀನು ಬರೆದ ಹಾಗೆ ದೂರದ ಅಂಚು ನೋಡುತ್ತ ಕೂಡಿಸಿದೆ, ನಿನ್ನ ಹೆಸರು ಹೇಳಲಿಲ್ಲ.

ಸೋಮವಾರ ಮುಂಜಾನೆ ಸೂಜಿ ಹಾಕಿಕೊಂಡು ಹೊರಗೆ ಬಂದೆ. ಬೀಗಿತಿ ಆಗಲೇ ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮುಗಿಸಿ ಕೂತಿದ್ದರು. "ಇವತ್ತ ನಮ್ಮದೂ ನಿಮ್ಮದೂ ಒಪ್ಪತ್ತು ಅಲ್ಲೇನ್ರಿ? ಸಂಜೀಗೆ ಕೂಡಿ ಉಣ್ಣೂನು" ಅಂದರು. ಹೂಂ ಅಂದೆ. ಮದುವೆಯ ಮಾತುಕತೆಯಲ್ಲಿ ನಾನೂ ಸೋಮವಾರ ಹಿಡಿಯುತ್ತೇನೆ ಎಂದು ಹೇಳಿದ್ದೆ, ಈಗ ಇಲ್ಲ ಎಂದರೆ ಯಾಕೆ ಬಿಟ್ಟಿರಿ ಎನ್ನುತ್ತಾರೆ. ಸೂಜಿ ಒಳಗೆ ಹೋಗಿತ್ತು, ಊಟ ಮುಂದೆ ಹೋಯಿತು. ಚಹಾ ಕುಡಿದೆ, ಸಾಕಾಗುತ್ತದೆ ಎಂದುಕೊಂಡೆ.

ಬಿಸಿಲೇರಿದ ಮೇಲೆ ಮೇಲಿನ ಅಂತಸ್ತಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆವು. ಮೊದಲು ಬೆವರು ಬಂತು. ಬಿಸಿಲಿಗೆ ಅಂದುಕೊಂಡೆ. ಆಮೇಲೆ ಕೈ ನಡುಗಿತು, ಎದುರಿಗೆ ಇದ್ದ ಬೀಗಿತಿಯ ಮುಖ ಎರಡಾಗಿ ಕಂಡಿತು. ಅವರು ಇದು ಹಡಗಿನ ತೊಳಸಾಟ ಎಂದು ತಿಳಿದು, ಹೊಟ್ಟೆ ಖಾಲಿ ಇರಲಿ, ಏನೂ ತಿನ್ನಬೇಡಿರಿ, ಹೋಗಿ ಮಲಗಿರಿ ಎಂದು ರಟ್ಟೆ ಹಿಡಿದು ಎಬ್ಬಿಸತೊಡಗಿದರು. ಮಲಗಿದ್ದರೆ ಏಳುತ್ತಿದ್ದೆನೋ ಇಲ್ಲವೋ. ನನಗೆ ಬಾಯಿ ಬರುತ್ತಿರಲಿಲ್ಲ. ಸೊಂಟಕ್ಕೆ ಕೈ ಹಾಕಿ ಚೀಲ ಜಗ್ಗಿದೆ, ಅರ್ಧ ಕೆಳಗೆ ಚೆಲ್ಲಿತು, ಉಳಿದದ್ದು ಬಾಯಿಗೆ ಹಾಕಿಕೊಂಡು ಅಗಿದೆ. ಮಠದ ಪ್ರಸಾದ ಅಂದೆ. ಬೀಗಿತಿ ಬಗ್ಗಿ ಕೆಳಗೆ ಬಿದ್ದದ್ದನ್ನು ಆಯ್ದು ಕಣ್ಣಿಗೆ ಒತ್ತಿಕೊಂಡು ತಮ್ಮ ಬಾಯಿಗೂ ಒಂದು ಹಳಕು ಹಾಕಿಕೊಂಡರು. ಅಲ್ಲಿಗೇ ಮುಗಿಯಬಹುದಿತ್ತು. ನೀನು ಮಾಡಿದ ಉಪಾಯ ಅಷ್ಟು ಬರೋಬರಿ ಇತ್ತು. ಕಣ್ಣು ತಿಳಿಯಾದ ಮೇಲೆ ಏನಾದರೊಂದು ಸುಳ್ಳು ಹೇಳಿ ಎದ್ದು ಬರಬಹುದಿತ್ತು.

ಆದರೆ ಅವರು ತಮ್ಮ ಸೆರಗಿನಿಂದ ನನ್ನ ಬೆವರು ಒರೆಸುತ್ತಿದ್ದರು ಅಕ್ಕಾ. ಸಣ್ಣವಳಿದ್ದಾಗ ನೀನು ಒರೆಸುತ್ತಿದ್ದ ಹಾಗೆ, ಹಣೆಯಿಂದ ಕಿವಿಯ ಕಡೆಗೆ. ನನ್ನ ಬಾಯಿಂದಲೇ ಬಂದುಬಿಟ್ಟಿತು. "ಇದು ತೊಳಸಾಟ ಅಲ್ರಿ. ನನಗ ಸಕ್ಕರಿ ಐತಿ. ಮುಂಜಾನೆ ಸೂಜಿ ಹಾಕ್ಕೊಂಡೇನಿ" ಅಂದೆ.

ಅವರು ಮೊದಲು ನನ್ನನ್ನು ಮತ್ತೆ ಕುರ್ಚಿಯಲ್ಲಿ ಕೂಡಿಸಿದರು. ಆಮೇಲೆ ಎದ್ದು ಹಣ್ಣಿನ ರಸ ತಂದು ಕುಡಿಸಿದರು, ಹಡಗಿನ ದವಾಖಾನೆಯ ನರ್ಸ್‌ಬಾಯಿಯನ್ನು ಕರೆಸಿದರು, ಬೆರಳು ಚುಚ್ಚಿ ನೋಡಿಸಿದರು, ಎದುರಿಗೆ ಕೂತು ಅನ್ನ ಉಣ್ಣಿಸಿದರು. ತಾವೂ ಉಂಡರು, ನಾನೊಬ್ಬಳೇ ಉಂಡರೆ ನನಗೆ ಇಳಿಯುವುದಿಲ್ಲ ಎಂದು. ಆಮೇಲೆ ಬೈದರು. "ಮದಲ ಹೇಳಿದ್ರ ನಾ ನಿಮ್ಮನ್ನ ಉಪಾಸ ಕೂಡಸ್ತಿದ್ನೇನ್ರಿ? ಸಂಕ್ರಮಣಕ್ಕ ನಿಮ್ಮ ಅಕ್ಕಾರನ್ನ ಕೇಳಿದ್ದೆ. ಅವ್ರೂ 'ಗಟ್ಟಿ ಅದಾಳ' ಅಂದ್ರು. ಅಕ್ಕಾ ತಂಗಿ ಕೂಡಿ ಮುಚ್ಚಿ ಇಟ್ರೆಲ್ಲ."

ಮುಚ್ಚಿಟ್ಟಳು ಎಂದು ನಿನ್ನನ್ನು ಬೈದವರು ಈ ಲೋಕದಲ್ಲಿ ಅವರೊಬ್ಬರೇ ಇರಬೇಕು. ನನಗೆ ನಗು ಬಂತು, ನಗುತ್ತ ಹೋಗಿ ಅಳು ಬಂತು. ಸಕ್ಕರೆ ಮತ್ತೆ ಇಳಿಯಿತು ಎಂದು ತಿಳಿದು ಅವರು ಇನ್ನೊಂದು ಲೋಟ ರಸ ತಂದರು.

ಬೀಗರು ಮಾತ್ರ ಮುಂಬೈ ಬರುವ ತನಕ ಬಿಗಿಯಾಗಿದ್ದರು. ಮಗನ ಕೈಯಿಂದ ಸುಳ್ಳು ಬರೆಸಿದಿರಿ ಅಂದರು. ಬೀಗಿತಿ ದಂಡೆಗೆ ಇಳಿದ ಕೂಡಲೇ ಐಶ್ವರ್ಯಾಗೆ ಫೋನ್ ಹಚ್ಚಿ, ನಾಳೆಯೇ ಹೋಗಿ ಸಕ್ಕರೆ ಪರೀಕ್ಷೆ ಮಾಡಿಸಿಕೊ ಅಂದರು. ಮಾಡಿಸಿಕೊಂಡಳು. ಸರಿ ಇದೆ. ಇನ್ನು ಮೇಲೆ ತಿಂಗಳು ತಿಂಗಳು ನೋಡಿಸುತ್ತಾರಂತೆ. ಸಂಗಡ ಇದ್ದವರಿಗೆ ಹೇಳು ಎಂದು ನೀನು ಬಡಿದುಕೊಂಡದ್ದು ಇದಕ್ಕೇ.

ಸೋಮವಾರ ಫೋನ್ ಮಾಡುತ್ತೇನೆ. ಎತ್ತು.

ನಿನ್ನ ನೀಲಾ


ಗೋಪನಕೊಪ್ಪ
೧೦ ಫೆಬ್ರುವರಿ ೨೦೨೫, ಸೋಮವಾರ

ನೀಲಾ,

ನೀನು ಈಗ ಫೋನ್ ಇಟ್ಟೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಿಭಾಯಿಸಿಕೊ.

ಮುಂಜಾನೆಯಿಂದ ಏನು ಮಾತಾಡಬೇಕು ಎಂದು ಒಂದೊಂದೇ ಜೋಡಿಸಿಕೊಂಡು ಕೂತಿದ್ದೆ. ಕಾಮಾಲೆಯ ಮಾತು ಎತ್ತಬಾರದು. ಬೀಗರಿಗೆ ಇನ್ನೂ ಸಿಟ್ಟು ಇದೆಯೋ ಕೇಳಬೇಕು. ಆ ಸೋಮವಾರ ಬರೆದು ಇಟ್ಟುಕೊಂಡ ಕಾಗದ ಕೊಡಬೇಕೋ ಬೇಡವೋ. ಫೋನ್ ಬಡಿಯಿತು, ನೀನು ಅಕ್ಕಾ ಅಂದೆ, ಜೋಡಿಸಿದ್ದೆಲ್ಲ ಚೆಲ್ಲಿಹೋಯಿತು. ನಮ್ಮ ಮನೆಯವರು ಪೇಪರು ಕೆಳಗೆ ಇಟ್ಟು ನನ್ನನ್ನೇ ನೋಡುತ್ತಿದ್ದರು. ನಾನು ಮಾತಾಡದೆ ಅಷ್ಟು ಹೊತ್ತು ಇದ್ದದ್ದನ್ನು ಅವರು ನೋಡಿಯೇ ಇಲ್ಲ.

"ಅಕ್ಕಾ, ಅದಿಯೇನು?" ಅಂದೆ ನೀನು.

ಎರಡು ವರ್ಷದ ಮೇಲೆ ನನ್ನ ಬಾಯಿಂದ ಬಂದದ್ದು ಅದೊಂದೇ. "ಉಂಡೀ?"

"ಇಲ್ಲ. ನೀ ಬಾ, ಕೂಡೇ ಉಣ್ಣೂನು. ನೀ ಬಂದ ಮ್ಯಾಲೆ ಸೂಜಿ ಹಾಕ್ಕೋತೇನಿ. ಲಗೂ ಬಾ" ಅಂದು ಇಟ್ಟುಬಿಟ್ಟೆ. ನಾನು ಹೂಂ ಅಂದದ್ದು ಕೇಳಿತೋ ಇಲ್ಲವೋ.

ಗೌಸಮೊದ್ದೀನ ಬಂದು ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ. ಕಾಗದ ಕೊಡಿರಿ, ಒಯ್ಯುತ್ತೇನೆ ಅಂದ. ಇವತ್ತು ಕಾಗದದ ಸಂಗಡ ನಾನೂ ಬರುತ್ತೇನೆ ಅಂದೆ. "ಹಂಗಾದ್ರ ಕಾಗದಾ ಯಾಕ್ರಿ ಅಕ್ಕಾರ?" ಎಂದು ನಗುತ್ತಿದ್ದಾನೆ.

ಅವನಿಗೆ ಏನು ಗೊತ್ತು? ನಿನ್ನ ಬಾಗಿಲಲ್ಲಿ ನನ್ನ ಬಾಯಿ ಮತ್ತೆ ಕಟ್ಟಿದರೆ, ಇದನ್ನು ನಿನ್ನ ಕೈಗೆ ಕೊಡುತ್ತೇನೆ. ಓದಿಕೊ. ಓದುತ್ತ ಉಣ್ಣುವ ಹೊತ್ತು ಮಾತ್ರ ಮೀರಿಸಬೇಡ.

ನಿನ್ನ ಅಕ್ಕ,
ಶರಣವ್ವ